ಪಾಡ್ಯದ ದಿನ ಒಂದೇ ಡಬ್ಬಿ

ದೀಪಾವಳಿ ಹಬ್ಬಕ್ಕೆ ಮಕ್ಕಳಿಗೆ ಏನು ಕೊಡಿಸಬೇಕು ಅನ್ನೋದು ನಮ್ಮ ಮನೆಯಲ್ಲಿ ಯಾವತ್ತೂ ದೊಡ್ಡ ಪ್ರಶ್ನೆಯಾಗಿಲ್ಲ. ಏನು ಬೇಕು ಅಂತ ಅವರೇ ಹೇಳುತ್ತಾರೆ, ಅದೂ ದಸರಾ ರಜೆಯಿಂದಲೇ ಶುರು. ಎಷ್ಟು ಕೊಡಿಸಬೇಕು ಅನ್ನೋದೇ ತಕರಾರು. ಅದನ್ನು ಯಾರೂ ಬಾಯಿಬಿಟ್ಟು ಕೇಳೋದಿಲ್ಲ. ನಮ್ಮದು ಒಂದೇ ತಾನೆ ಅಂತ ಎಲ್ಲರೂ ಒಂದೊಂದು ತರುತ್ತಾರೆ. ಅಪ್ಪ-ಅಮ್ಮನದು ಒಂದು. ಅಜ್ಜ-ಅಜ್ಜಿದು ಒಂದು. ದೊಡ್ಡಪ್ಪಂದು ಒಂದು. ಹುಬ್ಬಳ್ಳಿ ಅತ್ತಿದು ಒಂದು. ಬೆಂಗಳೂರು ಮಾಮಾಂದು ಮಾತ್ರ ಒಂದೇ ಅಂತ ಹೇಳೋಕಾಗಲ್ಲ, ಆನ್‌ಲೈನ್ ಪಾರ್ಸೆಲ್ ಬಿಚ್ಚಿದ ಮೇಲೇ ಗೊತ್ತು. ಯಾರೂ ಅತಿ ಮಾಡಿರೋದಿಲ್ಲ. ಆದರೂ ಪಾಡ್ಯದ ದಿನ ಪಡಸಾಲೆಯಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ.

ನಾವಿರೋದು ಕೊಪ್ಪಳದಲ್ಲಿ. ಮಗ ನಾಲ್ಕನೇ ಕ್ಲಾಸು, ಮಗಳು ಯುಕೆಜಿ. ಮನೆಯಲ್ಲಿ ಅವರನ್ನು ದೊಡ್ಡಾವ, ಸಣ್ಣಾಕಿ ಅಂತಲೇ ಕರೆಯೋದು, ಇಲ್ಲೂ ಹಾಗೇ ಕರೆಯುತ್ತೇನೆ. ಭಾವ, ನೆಗೆಣ್ಣಿ, ಅವರ ಇಬ್ಬರು ಮಕ್ಕಳು ಎರಡು ಓಣಿ ಆಚೆ. ಹಬ್ಬ ಮಾತ್ರ ಅತ್ತೆ-ಮಾವನ ಮನೆಯಲ್ಲೇ, ಅಂದರೆ ನಮ್ಮಲ್ಲೇ.

ಒಂದು ವರ್ಷದ ಪಾಡ್ಯ ಚೆನ್ನಾಗಿ ನೆನಪಿದೆ. ಸಗಣಿಯಲ್ಲಿ ಮಾಡಿದ ಹಟ್ಟೆವ್ವನ ಪೂಜೆ ಮುಗಿದಿತ್ತು, ಹೋಳಿಗೆ ಊಟ ಆಗಿತ್ತು. ಸಣ್ಣಾಕಿ ಬಿಚ್ಚಿದ ಮೊದಲ ಡಬ್ಬಿಯಲ್ಲಿ ಅಡುಗೆ ಸೆಟ್. ಹೆಬ್ಬೆರಳಷ್ಟು ಗ್ಯಾಸ್ ಸಿಲಿಂಡರ್, ಎರಡು ಒಲೆ, ಒಂದು ಬಾಣಲಿ. ಅವಳು ಬಾಣಲಿ ಇಟ್ಟು, ಬರಿಗೈಯಲ್ಲೇ ಕಡ್ಡಿ ಗೀರಿದಂತೆ ಮಾಡಿ, "ಮಮ್ಮೀ, ಮಂಡಕ್ಕಿ ಕೊಡು, ವಗ್ಗರಣಿ ಮಾಡ್ತೀನಿ" ಅಂದಳು. ನಾನು ಒಳಗೆ ಹೋಗಿ ಒಂದು ಹಿಡಿ ಮಂಡಕ್ಕಿ ತರುವಷ್ಟರಲ್ಲಿ ಎರಡನೇ ಡಬ್ಬಿ ಅವಳ ತೊಡೆ ಮೇಲಿತ್ತು. "ಇದನ್ನ ಬಿಚ್ಚವ್ವಾ, ಮಾಮಾ ವಿಡಿಯೋ ಕಾಲ್‌ನ್ಯಾಗ ಅದಾನ, ನೋಡ್ಬೇಕಂತ." ಅದನ್ನು ಅರ್ಧ ಬಿಚ್ಚುವಷ್ಟರಲ್ಲಿ ಮೂರನೇದು. ಆಮೇಲೆ ಅವಳು ಯಾವುದನ್ನೂ ನೋಡಲಿಲ್ಲ, ಕಾಗದ ಹರಿಯೋದರಲ್ಲೇ ಮುಳುಗಿದಳು. ಎಲ್ಲ ಮುಗಿದಾಗ ಕೇಳಿದ್ದು ಒಂದೇ ಮಾತು, "ಮತ್ತ?" ಮಂಡಕ್ಕಿ ನನ್ನ ಕೈಯಲ್ಲೇ ಉಳಿದಿತ್ತು. ನಾನೇ ತಿಂದೆ.

ಆ "ಮತ್ತ?" ಕೇಳಿ ಎಲ್ಲರೂ ನಕ್ಕರು. ಮಾವ ಮಾತ್ರ, "ಕೂಸಿಗೆ ದುರಾಸಿ ಕಲಸಾಕತ್ತೀರಿ" ಅಂದರು. ನನಗೆ ಹಾಗನಿಸಲಿಲ್ಲ. ಐದು ವರ್ಷದ ಮಗುವಿಗೆ ದುರಾಸೆ ಎಲ್ಲಿಂದ ಬರಬೇಕು? ಒಂದು ಮುಗಿಯುತ್ತಲೇ ಇನ್ನೊಂದು ಬರುತ್ತೆ ಅಂತ ಅರ್ಧ ತಾಸು ನಾವೇ ತೋರಿಸಿಕೊಟ್ಟಿದ್ದೆವು. ಮುಂದಿನದೆಲ್ಲಿ ಅಂತ ಅದು ಕೇಳಿತು, ಅಷ್ಟೇ.

ಈ ರಾಶಿ ಬೆಳೆಯೋದಕ್ಕೆ ಮಕ್ಕಳ ಆಸೆ ಕಾರಣ ಅಲ್ಲವೇ ಅಲ್ಲ ಅಂತ ನನ್ನ ಅನಿಸಿಕೆ. ನಮ್ಮ ಕಡೆ ಕೊಡೋದು-ತಗೊಳ್ಳೋದು ಅಂದರೆ ಮುಯ್ಯಿ. ಮದುವೆಯಲ್ಲಿ ಯಾರು ಎಷ್ಟು ಆಯೇರಿ ಮಾಡಿದರು ಅಂತ ಒಬ್ಬರು ನೋಟ್‌ಬುಕ್ ಹಿಡಿದು ಬರೆಯೋದಕ್ಕೇ ಕೂತಿರುತ್ತಾರೆ. ಅವರ ಮನೆಯ ಮದುವೆಗೆ ಹೋಗುವ ಮುಂಚೆ ಆ ಪುಸ್ತಕ ತೆಗೆದು ನೋಡದವರು ಯಾರಿದ್ದಾರೆ ಹೇಳಿ. ಅದರಲ್ಲಿ ತಪ್ಪೇನಿಲ್ಲ. ಖರ್ಚಿನ ಹೊತ್ತಿಗೆ ಬಳಗ ಕೈಹಿಡಿಯುವ ದಾರಿ ಅದು. ಆದರೆ ಅದೇ ಲೆಕ್ಕ ಮಕ್ಕಳ ಆಟಿಗೆಗೂ ಬಂದು ಕೂತಿದೆ. ನೆಗೆಣ್ಣಿ ನಮ್ಮ ಸಣ್ಣಾಕಿಗೆ ಎರಡು ಕೊಟ್ಟರೆ ನಾನು ಅವರ ಮಗನಿಗೆ ಒಂದೇ ಕೊಡೋಕಾಗುತ್ತಾ? ನಾನೂ ಎರಡು ಕೊಟ್ಟೆ. ಮರುವರ್ಷ ಅವರು ಎರಡರ ಮೇಲೊಂದು ಚಾಕಲೇಟ್ ಡಬ್ಬಿ ಇಟ್ಟರು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು. ಚಕ್ರಬಡ್ಡಿ ನೋಡಿದ ತಕ್ಷಣ ಗುರುತು ಸಿಗುತ್ತೆ. ಈ ಲೆಕ್ಕ ಏರಬಹುದು, ಇಳಿಯೋಕೆ ದಾರಿ ಇಲ್ಲ. ಮೊದಲು ಕಡಿಮೆ ಮಾಡಿದವರು ಜಿಪುಣರಾಗುತ್ತಾರೆ.

ಇನ್ನೊಂದು ಕಾರಣ ದೂರ. ಯಾರು ಎಷ್ಟು ದೂರ ಇದ್ದಾರೋ ಅವರ ಪಾರ್ಸೆಲ್ ಅಷ್ಟು ದೊಡ್ಡದು. ನಮ್ಮ ಜಿಲ್ಲೆಯಿಂದ, ರಾಯಚೂರಿನಿಂದ ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬರುವಾಗ ಬಸ್ಸಿನಿಂದ ಇಳಿಯೋದನ್ನು ನೋಡಿ. ಸಿಮೆಂಟ್ ಚೀಲದಲ್ಲಿ ಅರಿವೆ ತುಂಬಿರುತ್ತೆ. ಕೈಯಲ್ಲಿ ಮಾತ್ರ ಮುಚ್ಚಳದ ಮೇಲೆ ಕಾರಿನ ಚಿತ್ರ ಇರುವ ದೊಡ್ಡ ಡಬ್ಬಿ. ನನ್ನ ತಮ್ಮನದೂ ಅದೇ ಕಥೆ, ಅವನದು ಐಟಿ ಕೆಲಸ ಅನ್ನೋದೊಂದೇ ಬೇರೆ. ಬರೋಕಾಗದ ವರ್ಷ ಅವನ ಡಬ್ಬಿಗಳು ಜಾಸ್ತಿ. ಬಂದ ವರ್ಷ ಒಂದು ಪ್ಯಾಕೆಟ್ ಲಾಡು, ಅಷ್ಟೇ. ಅವನು ಬಂದ ವರ್ಷ ದೊಡ್ಡಾವ ಗಿಫ್ಟಿನ ಸುದ್ದಿಯನ್ನೇ ಎತ್ತಲಿಲ್ಲ ಅನ್ನೋದು ನನಗೆ ಆಮೇಲೆ ಹೊಳೆಯಿತು. ಮಾಮಾನ ಹೆಗಲ ಮೇಲೆ ಕೂತು ಊರು ಸುತ್ತೋದರಲ್ಲೇ ಹಬ್ಬ ಮುಗಿದಿತ್ತು.

ಇಷ್ಟೇ ಕೊಡಬೇಕು ಅಂತ ಒಂದು ಸಂಖ್ಯೆ ಎಲ್ಲಾದರೂ ಬರೆದಿಟ್ಟಿದ್ದಾರಾ ಅಂತ ಹುಡುಕಿದೆ. ಅಮೆರಿಕದಲ್ಲಿ ಕ್ರಿಸ್‌ಮಸ್‌ಗೆ ಬಹಳ ಮನೆಗಳು ಒಂದು ನಿಯಮ ಇಟ್ಟುಕೊಂಡಿವೆಯಂತೆ. ಆಸೆಪಟ್ಟದ್ದು ಒಂದು, ಅಗತ್ಯದ್ದು ಒಂದು, ಉಡೋದು ಒಂದು, ಓದೋದು ಒಂದು. ನಾಲ್ಕಕ್ಕೆ ಮುಗೀತು. ಕೇಳೋಕೆ ಚೆಂದ ಇದೆ. ನಮ್ಮ ಮನೆಗೆ ಹೊಂದೋದಿಲ್ಲ. ದೀಪಾವಳಿಗೆ ಹೊಸ ಅರಿವೆ ಉಡುಗೊರೆ ಅಲ್ಲ, ಅದು ಹಬ್ಬದ್ದು. ಎಣ್ಣೆ ನೀರು ಹಾಕಿಕೊಂಡು ಹಳೇ ಅಂಗಿ ಹಾಕಿದರೆ ಅತ್ತೆ ಪಡಸಾಲೆಗೇ ಬಿಡೋದಿಲ್ಲ. ಇನ್ನು ಅಗತ್ಯದ್ದು ಅಂದರೆ ಸ್ಕೂಲ್ ಬ್ಯಾಗು, ಶೂ. ಅದನ್ನು ಕಾಗದ ಸುತ್ತಿ ಕೊಡೋ ವಿಚಾರ ಹೇಳಿದಾಗ ದೊಡ್ಡಾವ ಕೇಳಿದ, "ಬ್ಯಾಗ್ ಹೆಂಗೂ ಕೊಡಿಸ್ಬೇಕಲ್ಲ, ಅದು ಗಿಫ್ಟ್ ಹೆಂಗಾಗ್ತೈತಿ?" ನಾನು ಉತ್ತರ ಹುಡುಕಲಿಲ್ಲ. ಅವನು ಹೇಳಿದ್ದು ಸರಿಯಾಗೇ ಇತ್ತು. ಉಡೋದು, ಅಗತ್ಯದ್ದು ಎರಡನ್ನೂ ತೆಗೆದರೆ ಉಳಿಯೋದು ಆಸೆಪಟ್ಟದ್ದು ಒಂದು, ಓದೋದು ಒಂದು. ಆ ಎರಡು ನನಗೆ ಒಪ್ಪಿಗೆಯಾಯಿತು.

ಸಂಶೋಧನೆಗಳೂ ಆಗಿವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಆಡೋಕೆ ಬಿಟ್ಟು ನೋಡಿದರು. ಒಂದು ಸಲ ಕೋಣೆಯಲ್ಲಿ 4 ಆಟಿಗೆ, ಇನ್ನೊಂದು ಸಲ 16. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಕಳೆದರು, ಒಂದನ್ನೇ ಹಲವು ಥರ ಆಡಿದರು. ಹದಿನಾರು ಇದ್ದಾಗ ಇದನ್ನು ಮುಟ್ಟಿ ಅದಕ್ಕೆ ಹೋದರು. ನಮ್ಮ ಪಡಸಾಲೆಯಲ್ಲೇ ನೋಡಿದ್ದನ್ನು ಟೊಲೆಡೊದವರು ಬರೆದಿದ್ದಾರೆ ಅನಿಸಿತು. ಆದರೆ ಅವು ಇನ್ನೂ ಎರಡರ ಆಸುಪಾಸಿನ ಕೂಸುಗಳು. ನಾಲ್ಕನೇ ಕ್ಲಾಸಿನವನಿಗೂ ಅದೇ ಲೆಕ್ಕ ಅಂತ ನಾನು ಹೇಳೋಕೆ ಹೋಗಲ್ಲ.

ನನಗೆ ಇದಕ್ಕಿಂತ ಹಿಡಿಸಿದ್ದು 2008ರ ಇನ್ನೊಂದು ಅಧ್ಯಯನ. ಅಲ್ಲಿ ಹ್ಯಾಲೊವೀನ್ ದಿನ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಕೆಲವರಿಗೆ ದೊಡ್ಡ ಚಾಕಲೇಟ್ ಬಾರ್ ಒಂದನ್ನೇ ಕೊಟ್ಟರು. ಇನ್ನು ಕೆಲವರಿಗೆ ಅದೇ ಬಾರ್ ಕೊಟ್ಟು, ಮೇಲೊಂದು ಬಬಲ್ ಗಮ್ ಕೊಟ್ಟರು. ಎಷ್ಟು ಖುಷಿಯಾಯ್ತು ಅಂತ ಕೇಳಿದರೆ, ಬರೀ ಚಾಕಲೇಟ್ ಸಿಕ್ಕವರೇ ಹೆಚ್ಚು ಖುಷಿಯಲ್ಲಿದ್ದರು. ಲೆಕ್ಕದ ಪ್ರಕಾರ ಗಮ್ ಸಿಕ್ಕವರ ಹತ್ತಿರ ಜಾಸ್ತಿ ಇತ್ತು. ಆದರೆ ಕೊನೆಗೆ ಬಂದದ್ದು ಸಣ್ಣದು, ಮನಸ್ಸು ಅದರ ಮೇಲೇ ನಿಂತಿತು. ಸೈಕಲ್ ಕೊಟ್ಟ ದಿನವೇ ಸೈಕಲ್ಲಿನ ಪಕ್ಕ ಇರಲಿ ಅಂತ ಸ್ಟಿಕರ್ ಪುಸ್ತಕ, ಕೀಚೈನು, ಪೆನ್ಸಿಲ್ ಡಬ್ಬಿ ಇಡುವ ಎಲ್ಲ ಚಿಕ್ಕಮ್ಮ-ದೊಡ್ಡಮ್ಮಂದಿರೂ ಇದನ್ನು ಓದಬೇಕು.

ಈಗ ನಮ್ಮ ಕಡೆಯ ವರ್ಷ ಹೇಗೆ ಸಾಗುತ್ತೆ ನೋಡಿ. ನಾವು ಸಣ್ಣವರಿದ್ದಾಗ ದೀಪಾವಳಿಗೆ ಆಟಿಗೆ ಸಿಕ್ಕಿದ ನೆನಪೇ ನನಗಿಲ್ಲ. ಅರಿವೆ, ಪಟಾಕಿ, ಆರತಿ ರೊಕ್ಕ, ಮುಗೀತು. ಹಾಗಂತ ನಾವು ಆಟಿಗೆ ಇಲ್ಲದೆ ಬೆಳೆದವರಲ್ಲ. ಹಬ್ಬಗಳೇ ಒಂದೊಂದು ತಂದುಕೊಡುತ್ತಿದ್ದವು. ಮುಂಗಾರು ಶುರುವಾಗುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ತಂದು ಕಲಸಿ ಜೋಡೆತ್ತು ಮಾಡಿ, ಮುಂದೊಂದು ಮೇವಿನ ಗ್ವಾದಲಿ ಕಟ್ಟಿ, ಕೊಂಬಿಗೆ ಜೋಳದ ಕಾಳು ಸಿಕ್ಕಿಸಿ ಪೂಜೆ. ಪೂಜೆ ಆಗೋತನಕ ದೇವರು, ಆಮೇಲೆ ನಮ್ಮವು. ಒಂದರ ಕಾಲು ಮುರಿಯೋದು ಖಾತ್ರಿ. ಆ ಕುಂಟೆತ್ತು ಹಿಡಿದುಕೊಂಡು ಮನೆಮನೆಗೆ ಹೋಗಿ ಜೋಳ ಕೇಳಿಕೊಂಡು ಬರೋದೇ ಒಂದು ಆಟ. ಮುರಿದ ಆಟಿಗೆಗೂ ಕೆಲಸ ಇತ್ತು ಅನ್ನೋದು ಈಗ ಯೋಚಿಸಿದರೆ ಆಶ್ಚರ್ಯ ಅನಿಸುತ್ತೆ.

ಶ್ರಾವಣದಲ್ಲಿ ಪಂಚಮಿ. ಬೇವಿನ ಮರಕ್ಕೆ ಜೋಕಾಲಿ. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಕೊಬ್ಬರಿ ಬಟ್ಟಲಿಗೆ ತೂತು ಹಾಕಿ ದಾರ ಪೋಣಿಸಿ ಗಿರಗಿರ ತಿರುಗಿಸೋದು. ಅದೊಂದು ಆಟಿಗೆಯ ಸೊಗಸೇನೆಂದರೆ, ಬೇಸರ ಬಂದಾಗ ತಿಂದುಬಿಡಬಹುದು. ದಸರೆಗೆ ಬನ್ನಿ ಎಲೆ. ದೊಡ್ಡವರಿಗೆ ಕೊಟ್ಟು ಕಾಲು ಮುಟ್ಟಿದರೆ ಅವರು ಕೈಯಲ್ಲಿ ಚಿಲ್ಲರೆ ಇಡುತ್ತಿದ್ದರು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ, ಸಕ್ಕರೆ ಆರತಿ. ಕಟ್ಟಿಗೆಯ ಅಚ್ಚಿಗೆ ಪಾಕ ಹೊಯ್ದು ಮಾಡಿದ ತೇರು, ಆನೆ, ನವಿಲು, ಬಸವಣ್ಣ. ಬಿಳಿ, ಗುಲಾಬಿ, ಹಳದಿ. ಗೌರಿಗೆ ಬೆಳಗಿ ತಂದ ಮೇಲೆ ನವಿಲಿನ ತಲೆ ಮೊದಲು ತಿನ್ನಬೇಕೋ ಬಾಲ ಮೊದಲು ತಿನ್ನಬೇಕೋ ಅಂತ ಅಕ್ಕತಂಗಿಯರ ನಡುವೆ ವಾದ. ಸಂಕ್ರಾಂತಿಗೆ ಕುಸುರೆಳ್ಳು. ಆಮೇಲೆ ಜಾತ್ರೆ. ನಮ್ಮ ಓಣಿಯ ಮುಸ್ಲಿಂ ಮನೆಗಳ ಹುಡುಗರಿಗೆ ರಂಜಾನ್ ದಿನ ಈದಿ ಸಿಗುತ್ತಿತ್ತು. ಹೊಸ ನೋಟು ಜೇಬಲ್ಲಿಟ್ಟುಕೊಂಡು ಅವರು ಬರುತ್ತಿದ್ದರೆ ನಮಗೆ ಹೊಟ್ಟೆಕಿಚ್ಚು.

ಲೆಕ್ಕ ಹಾಕಿದರೆ ಆಗಿನ ಮಕ್ಕಳಿಗೂ ವರ್ಷಕ್ಕೆ ಹತ್ತೋ ಹನ್ನೆರಡೋ ಸಿಗುತ್ತಿದ್ದವು. ಒಂದು ಸಲಕ್ಕೆ ಒಂದು, ಅಷ್ಟೇ. ಮುಂದಿನದು ಬರೋಕೆ ಅಮಾವಾಸ್ಯೆಯೋ ಹುಣ್ಣಿಮೆಯೋ ಆಗಬೇಕು. ಅಷ್ಟರಲ್ಲಿ ಇದು ಮುರಿದೋ ಕರಗಿಯೋ ಹೊಟ್ಟೆಗೆ ಹೋಗಿಯೋ ಆಗಿರುತ್ತಿತ್ತು. ಈಗ ನಾವು ಹನ್ನೆರಡನ್ನೂ ಗುಡ್ಡೆ ಹಾಕಿ ಒಂದೇ ಮಧ್ಯಾಹ್ನ ಬಿಚ್ಚಿಸುತ್ತಿದ್ದೇವೆ. ಆನ್‌ಲೈನ್ ಸೇಲ್ ಇರೋದೂ ದಸರಾ-ದೀಪಾವಳಿಗೇ, ಬೋನಸ್ ಬರೋದೂ ಆಗಲೇ, ಬಳಗ ಸೇರೋದೂ ಆಗಲೇ. ಮೂರೂ ಸೇರಿ ವರ್ಷದ ಆಟಿಗೆ ಎಲ್ಲ ಕಾರ್ತಿಕಕ್ಕೆ ಬಂದು ಬೀಳುತ್ತವೆ. ಜ್ಯೇಷ್ಠಕ್ಕೆ ಮನೆಯಲ್ಲಿ "ಬೋರಾಗ್ತೈತಿ" ಅನ್ನೋದು ಶುರು.

ಹಳೇದೇ ಚೆಂದ ಅಂತ ಹಾಡು ಹೇಳೋಕೆ ನಾನು ಹೊರಟಿಲ್ಲ. ಮಣ್ಣಿನ ಎತ್ತು ಕೊಟ್ಟು ಕೂಡಿಸಿದರೆ ನಮ್ಮ ದೊಡ್ಡಾವ ಅರ್ಧ ದಿನವೂ ಆಡಲ್ಲ. ಅವನಿಗೆ ರಿಮೋಟ್ ಕಾರು ಬೇಕು, ಕ್ಯೂಬ್ ಬೇಕು, ಅದು ಅವನ ಕಾಲ. ಆಗಿನ ವಸ್ತುಗಳು ನನಗೆ ಬೇಕಿಲ್ಲ, ಅವು ಬರುತ್ತಿದ್ದ ಅಂತರ ಬೇಕು. ರಿಮೋಟ್ ಕಾರನ್ನು ಮಣ್ಣೆತ್ತಿನ ಅಮಾವಾಸ್ಯೆಗೇ ಕೊಡಲಿ, ಯಾರು ಬೇಡ ಅಂದರು?

ಆಟಿಗೆ ವಿಷಯದಲ್ಲಿ ನಮ್ಮ ಜಿಲ್ಲೆಯದೇ ಒಂದು ತಮಾಷೆ ಇದೆ. ಕೊಪ್ಪಳದಿಂದ ಅರ್ಧ ತಾಸು ಹೋದರೆ ಕಿನ್ನಾಳ. ಅಲ್ಲಿನ ಚಿತ್ರಗಾರರ ಗೊಂಬೆಗಳಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು ಇದೆ, ವಿಜಯನಗರದ ಕಾಲದ ಪರಂಪರೆ ಅಂತ ಹೇಳುತ್ತಾರೆ. ಇನ್ನೊಂದು ದಿಕ್ಕಿಗೆ, ಗದಗ ರಸ್ತೆಯಲ್ಲಿ, ಭಾನಾಪುರ. 2021ರ ಜನವರಿಯಲ್ಲಿ ಅಲ್ಲಿ 400 ಎಕರೆಯ ಆಟಿಕೆ ಕಾರ್ಖಾನೆಗಳ ಕ್ಲಸ್ಟರ್‌ಗೆ ಅಡಿಗಲ್ಲು ಹಾಕಿದರು. ಒಂದೇ ಜಿಲ್ಲೆಯಲ್ಲಿ ಕೈಯಲ್ಲಿ ಒಂದೊಂದೇ ಗೊಂಬೆ ಮಾಡುವವರೂ ಇದ್ದಾರೆ, ಮೆಷಿನ್ನಿನಲ್ಲಿ ಲೆಕ್ಕವಿಲ್ಲದಷ್ಟು ಮಾಡುವ ಕನಸೂ ಇದೆ. ನಮ್ಮ ಮಕ್ಕಳ ಕಪಾಟು ಸದ್ಯಕ್ಕೆ ಎರಡನೇದರ ಕಡೆಗೇ ವಾಲಿದೆ.

ಒಂದು ರಜೆಯಲ್ಲಿ ಮಕ್ಕಳನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋದೆ. ಹಗುರವಾದ ಪೊಲ್ಕಿ ಮರವನ್ನು ಕೆತ್ತುತ್ತಾರೆ. ಕೈ, ಕಾಲು, ತಲೆ ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟು ಸೇರಿಸಿ ಕಲಸಿದ್ದಕ್ಕೆ ಕಿಟ್ಟ ಅಂತಾರೆ. ಅದನ್ನು ಕೈಯಲ್ಲೇ ಮೈತುಂಬ ಸವರುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಂಡು, ಅದರ ಮೇಲೆ ಕಲ್ಲುಪುಡಿಯ ಲೇಪ, ಅದೂ ಒಣಗಿದ ಮೇಲೆ ಬಣ್ಣ. ಪ್ರತಿ ಸಲವೂ ಒಣಗಬೇಕು, ಕಾಯಬೇಕು. ಸಣ್ಣಾಕಿ ಬಣ್ಣ ಇನ್ನೂ ಕಾಣದ ಒಂದು ಗಿಳಿಯನ್ನು ತೋರಿಸಿ, "ಇದು ಯಾವಾಗ ಮುಗಿತೈತ್ರಿ?" ಅಂತ ಕೇಳಿದಳು. ಅಲ್ಲಿದ್ದ ಅಜ್ಜ, "ಬಿಸಲು ಚಲೋ ಬಿದ್ರ ಮುಗಿತೈತವ್ವಾ" ಅಂದರು. ಮೋಡ ಮುಚ್ಚಿದ ದಿನ ಆಟಿಗೆ ತಡವಾಗುತ್ತೆ ಅನ್ನೋದು ಅವಳಿಗೆ ಬಹಳ ಹಿಡಿಸಿತು. ಮನೆಗೆ ಬಂದು ಎಲ್ಲರಿಗೂ ಹೇಳಿದಳು.

ನಾವು ತಂದದ್ದು ಒಂದು ಎತ್ತು. ನಿಜ ಹೇಳಬೇಕು ಅಂದರೆ ಕಿನ್ನಾಳದ್ದು ಶೋಕೇಸಿಗೆ ಹೆಚ್ಚು ಒಪ್ಪುತ್ತೆ, ಮಕ್ಕಳ ಕೈಗೆ ಕಡಿಮೆ. ಬೆನ್ನ ಮೇಲೆ ಹೊದಿಸಿದ ಝೂಲಾದ ಚುಕ್ಕಿ ಒಂದೊಂದೂ ಕುಂಚದ ತುದಿಯಲ್ಲಿ ಇಟ್ಟದ್ದು. ಸಣ್ಣಾಕಿ ಮೊದಲ ದಿನವೇ ಅದಕ್ಕೆ ಮೈ ತೊಳೆಸೋಕೆ ಬಚ್ಚಲಿಗೆ ಹೊತ್ತುಕೊಂಡು ಹೋದಳು. ಅತ್ತೆ ಓಡಿ ಹೋಗಿ ಬಿಡಿಸಿಕೊಂಡು ಬಂದರು. ಈಗ ಅದು ಟಿವಿ ಮೇಲಿದೆ. ಅವಳು ದಿನಾ ಅದರ ಮುಂದೆ ನಾಲ್ಕು ಕಾಳು ಜೋಳ ಇಡುತ್ತಾಳೆ.

ಸುರಕ್ಷತೆಯ ಮಾತೂ ಬೇಕು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಗೊಂಬೆಗೆ, ಜಿಐ ಇರೋದಕ್ಕೆ ವಿನಾಯಿತಿ ಇದೆ. ಮಿಣಮಿಣ ಅನ್ನೋ ಅಗ್ಗದ ಆಟಿಗೆ ತಂದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಬಟನ್ ಬ್ಯಾಟರಿ ನುಂಗಿದರೆ ಎರಡು ತಾಸಿನಲ್ಲೇ ಅನ್ನನಾಳ ಸುಡಬಹುದು. ಬಾಳೆಹಣ್ಣು ತಿನ್ನಿಸಿ ನೋಡೋಣ ಅಂತ ಮನೆಯಲ್ಲಿ ಕೂರಬೇಡಿ, ಸೀದಾ ಆಸ್ಪತ್ರೆಗೆ ಓಡಿ. ಡಬ್ಬಿ ಕಡಿಮೆ ಇದ್ದರೆ ಇದನ್ನೆಲ್ಲ ನೋಡೋಕೆ ಪುರುಸೊತ್ತೂ ಸಿಗುತ್ತೆ.

ಇಬ್ಬರು ಮಕ್ಕಳಿದ್ದ ಮನೆಯಲ್ಲಿ ಎಷ್ಟು ಅನ್ನೋದಕ್ಕಿಂತ ಸಮ ಇದೆಯಾ ಅನ್ನೋದೇ ದೊಡ್ಡ ಗಲಾಟೆ. ದೊಡ್ಡಾವನಿಗೆ ಬೆಲೆ ಗೊತ್ತು. ಮೊಬೈಲಿನಲ್ಲಿ ನೋಡಿ, "ಅಕಿದು ನನ್ನಕಿಂತ ಜಾಸ್ತಿ" ಅಂತಾನೆ. ಸಣ್ಣಾಕಿಗೆ ಬೆಲೆ ಗೊತ್ತಿಲ್ಲ, ಅವಳು ನೆಲದ ಮೇಲೆ ಎಷ್ಟು ಜಾಗ ಹಿಡಿದಿದೆ ನೋಡುತ್ತಾಳೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಎಂದೋ ತೋರಿಸಿದ್ದರು. ಎರಡು ಸಾಲಿನಲ್ಲಿ ಅಷ್ಟಷ್ಟೇ ಬಿಲ್ಲೆ ಇಟ್ಟು, ಒಂದು ಸಾಲನ್ನು ಸ್ವಲ್ಪ ಅಗಲ ಮಾಡಿದರೆ, ನಾಲ್ಕೈದು ವರ್ಷದ ಮಗು ಅಗಲದ ಸಾಲಿನಲ್ಲೇ ಜಾಸ್ತಿ ಇದೆ ಅನ್ನುತ್ತೆ. ನಾನು ಕೊಬ್ಬರಿ ಬಿಸ್ಕೀಟಿನಲ್ಲಿ ಮಾಡಿ ನೋಡಿದೆ. ಸಣ್ಣಾಕಿ ಅಗಲದ ಸಾಲನ್ನೇ ಬಾಚಿಕೊಂಡಳು. ಅವಳಿಗೆ ದೊಡ್ಡ ಡಬ್ಬಿ, ಅವನಿಗೆ ಬೆಲೆಯದ್ದು ಚಿಕ್ಕ ಡಬ್ಬಿ. ಇಬ್ಬರೂ ತಮಗೇ ಲಾಭ ಅಂದುಕೊಂಡಿದ್ದಾರೆ. ಇದು ಇನ್ನೆರಡು ವರ್ಷ ನಡೆಯಬಹುದು, ಆಮೇಲೆ ಅವಳೂ ಮೊಬೈಲ್ ನೋಡುತ್ತಾಳೆ.

ಆರತಿ ರೊಕ್ಕದ ಜಗಳ ಮಾತ್ರ ನಾನು ಬಗೆಹರಿಸೋಕೆ ಹೋಗಿಲ್ಲ. ಹೆಣ್ಣುಮಕ್ಕಳು ಆರತಿ ಬೆಳಗಿದರೆ ಗಂಡಸರು ತಟ್ಟೆಗೆ ರೊಕ್ಕ ಹಾಕುತ್ತಾರೆ. ಸಣ್ಣಾಕಿಗೆ ಅವತ್ತು ಭರ್ಜರಿ ಕಲೆಕ್ಷನ್. ದೊಡ್ಡಾವ ತಾನೂ ಹಾಕಬೇಕು, ಬರೋದು ಏನಿಲ್ಲ. "ನಾನೂ ಆರತಿ ಮಾಡ್ತೀನಿ" ಅಂತ ಒಮ್ಮೆ ತಟ್ಟೆ ಹಿಡಿದೇಬಿಟ್ಟ. ಅತ್ತೆ ನಕ್ಕು ಅವನ ತಟ್ಟೆಗೂ ಹಾಕಿದರು. ಈಗ ಅದೇ ರೂಢಿಯಾಗಿದೆ, ಇರಲಿ.

ಕಳೆದ ಶೀಗಿ ಹುಣ್ಣಿಮೆ ಹೊತ್ತಿಗೆ ನಾನು ಎಲ್ಲರಿಗೂ ಫೋನ್ ಮಾಡಿದೆ. ಹೇಳಿದ್ದು ಇಷ್ಟು. ಪಾಡ್ಯದ ದಿನ ಒಂದು ಮಗು ಒಂದೇ ಡಬ್ಬಿ ಬಿಚ್ಚಲಿ, ಅದು ಅಪ್ಪ-ಅಮ್ಮನದು. ಅದರ ಜೊತೆ ಒಂದು ಪುಸ್ತಕ ಇದ್ದರೆ ಇರಲಿ, ಅದನ್ನು ಕಾಗದ ಸುತ್ತಿ ಕೊಡೋದು ಬೇಡ, ದಿಂಬಿನ ಹತ್ತಿರ ಇಟ್ಟರೆ ಸಾಕು. ಉಳಿದವರು ಒಬ್ಬೊಬ್ಬರು ಒಂದೊಂದು ಹಬ್ಬ ಹಿಡಿದುಕೊಳ್ಳಿ. ಕೊಡಬೇಡಿ ಅಂತ ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಫೋನ್ ಅಲ್ಲಿಗೇ ಕಟ್ಟಾಗುತ್ತಿತ್ತು.

ಹುಬ್ಬಳ್ಳಿ ನಾದಿನಿ ಮೊದಲಿಗೆ ಮುನಿಸಿಕೊಂಡರು. "ಹಬ್ಬಕ್ಕ ತವರುಮನಿಗೆ ಬರಿಗೈಲೆ ಬರ್ಲೇನ ವೈನಿ?" ಅಲ್ಲೇ ಗಂಟು ಇರೋದು. ಬರಿಗೈಯಲ್ಲಿ ಬರೋದು ಅಂದರೆ ನಮ್ಮವರಿಗೆ ಸಾವು ಬಂದಷ್ಟು ಕಷ್ಟ. ಬಾಗಿಲಲ್ಲಿ ನಿಂತಾಗ ಕೈಯಲ್ಲಿ ಏನಾದರೂ ಇರಲೇಬೇಕು. ಅದಕ್ಕೆ ಒಂದು ದಾರಿ ಮಾಡಿದೆವು. ತಿಂದು ಮುಗಿಯೋದಕ್ಕೆ ಲೆಕ್ಕ ಇಲ್ಲ. ಪೇಡೆ ತನ್ನಿ, ಹಣ್ಣು ತನ್ನಿ, ಬೆಂಡು-ಬತ್ತಾಸು ತನ್ನಿ, ಎಷ್ಟಾದರೂ ತನ್ನಿ. ಕಪಾಟಿನಲ್ಲಿ ಉಳಿಯೋದನ್ನು ಮಾತ್ರ ಪಂಚಮಿಗೆ ತನ್ನಿ, ಹೇಗೂ ಪಂಚಮಿಗೆ ನೀವು ಬರಲೇಬೇಕಲ್ಲ. ನಾದಿನಿ ಒಪ್ಪಿದರು. ಪಂಚಮಿ ಅವರ ಪಾಲಿಗೆ ಹೋಯಿತು.

ಭಾವ-ನೆಗೆಣ್ಣಿ ಜೂನ್ ತಗೊಂಡರು. ಶಾಲೆ ಶುರು, ಮಣ್ಣೆತ್ತಿನ ಅಮಾವಾಸ್ಯೆ ಎಲ್ಲ ಒಟ್ಟಿಗೆ ಬರುತ್ತೆ. ಅವರ ಮಕ್ಕಳಿಗೆ ನಾವೂ ಅದೇ ತಿಂಗಳು ಕೊಡೋದು. ಯಾರ ಡಬ್ಬಿ ದೊಡ್ಡದು ಅಂತ ಪಡಸಾಲೆಯಲ್ಲಿ ಪಕ್ಕಪಕ್ಕ ಇಟ್ಟು ನೋಡುವ ಪ್ರಸಂಗವೇ ಇಲ್ಲ. ನೆಗೆಣ್ಣಿಗೂ ಇದರಿಂದ ಹಗುರ ಆಯಿತು ಅಂತ ಕಾಣುತ್ತೆ. "ಚಲೋ ಮಾಡಿದಿ ಬಿಡು" ಅಂದರು. ಅವರೂ ವರ್ಷ ವರ್ಷ ಲೆಕ್ಕ ಹಾಕಿ ಸಾಕಾಗಿದ್ದರೋ ಏನೋ.

ಅಜ್ಜ-ಅಜ್ಜಿಯದು ನಮ್ಮೂರ ಗವಿಮಠದ ಜಾತ್ರೆ. ಬನದ ಹುಣ್ಣಿಮೆ ಆಗಿ ಬಿದಿಗೆ ದಿನ ಗವಿಸಿದ್ಧೇಶ್ವರನ ತೇರು. ಊರೂರಿನಿಂದ ದಾಸೋಹಕ್ಕೆ ಜೋಳದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಅಂಗಡಿ ಸಾಲು ತೇರು ಮುಗಿದ ಮೇಲೂ ಸುಮಾರು ದಿನ ಇರುತ್ತೆ. ಅಜ್ಜ ಇಬ್ಬರಿಗೂ ಕೈಯಲ್ಲಿ ಜಾತ್ರಿ ರೊಕ್ಕ ಇಡುತ್ತಾರೆ. ಏನು ತಗೋಬೇಕು ಅನ್ನೋದು ಅವರಿಗೇ ಬಿಟ್ಟಿದ್ದು, ನಾವು ಬಾಯಿ ಹಾಕೋ ಹಾಗಿಲ್ಲ. ನನಗೆ ವರ್ಷದ ಉಡುಗೊರೆಗಳಲ್ಲೆಲ್ಲ ಇದೇ ಮೇಲು ಅನಿಸುತ್ತೆ. ಸಣ್ಣಾಕಿ ಕಳೆದ ಸಲ ಮೊದಲ ಅಂಗಡಿಯಲ್ಲೇ ಪೀಪಿ ತಗೊಂಡು ರೊಕ್ಕ ಕರಗಿಸಿದಳು, ಅರ್ಧ ದಾರಿಯಲ್ಲಿ ಬಳೆ ಅಂಗಡಿ ನೋಡಿ ಅತ್ತಳು. ಸಾಲ ಕೊಡಿ ಅಂತ ಅಜ್ಜನ ಹತ್ತಿರ ಹೋದಳು. ಅಜ್ಜ ಕೊಡಲಿಲ್ಲ, ಅದು ನನಗೂ ಆಶ್ಚರ್ಯವೇ. ದೊಡ್ಡಾವ ಇಡೀ ಸಾಲನ್ನು ಎರಡು ಸಲ ಸುತ್ತಿದ. ಒಂದು ಕಡೆ ಚೌಕಾಸಿ ಮಾಡಿದ, ಅವರು ಬಿಡಲಿಲ್ಲ, ಮುಂದಕ್ಕೆ ಹೋದ. ಕತ್ತಲಾಗುವ ಹೊತ್ತಿಗೆ ಒಂದು ದುರ್ಬೀನು ತಗೊಂಡ. ಪ್ಲಾಸ್ಟಿಕ್ಕಿನದು, ಒಂದು ಕಣ್ಣಿಗೆ ಏನೂ ಕಾಣೋದಿಲ್ಲ. ಅದು ಇವತ್ತಿಗೂ ಅವನ ತಲೆದಿಂಬಿನ ಕೆಳಗಿದೆ. ಅದೇ ವರ್ಷ ಮಾಮಾ ಕಳಿಸಿದ್ದ ದುಬಾರಿ ದುರ್ಬೀನು ಕಪಾಟಿನಲ್ಲಿದೆ.

ಮಾಮಾನ ಪಾಲು ಬೇಸಿಗೆ ರಜೆ. ಅವನಿಗೆ ನಾನು ಒಂದೇ ಮಾತು ಹೇಳಿದೆ, ಪಾರ್ಸೆಲ್ ಬೇಡ, ಆ ರೊಕ್ಕಕ್ಕೆ ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸು. "ರಜಾ ಸಿಗಬೇಕಲ್ಲಕ್ಕಾ" ಅಂದ. ಸಿಗೋದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಕೊನೆಗೆ ನಾವೇ ಮಕ್ಕಳನ್ನು ಕರೆದುಕೊಂಡು ಅವನಲ್ಲಿಗೆ ಹೋಗೋದು ಅಂತಾಯಿತು. ಆದರೂ ದೀಪಾವಳಿಗೆ ಒಂದು ಪಾರ್ಸೆಲ್ ಬಂದೇ ಬಂತು. ಮೇಲೆ ನನ್ನ ಹೆಸರಿತ್ತು. "ಇದು ಮಕ್ಕಳಿಗಲ್ಲಕ್ಕಾ, ನಿನಗ" ಅಂತ ಮೆಸೇಜು. ಬಿಚ್ಚಿದರೆ ಕೇರಂ ಬೋರ್ಡು. ಬುದ್ಧಿವಂತ.

ಪಾಡ್ಯದ ದಿನ ಸಣ್ಣಾಕಿ ಒಂದು ಡಬ್ಬಿ ಬಿಚ್ಚಿ ಸುತ್ತ ನೋಡಿದಳು. "ಮತ್ತ?" ಅಂತ ಈ ಸಲವೂ ಕೇಳಿದಳು. "ಮತ್ತ ಜಾತ್ರಿಗೆ" ಅಂದರು ಅಜ್ಜಿ. "ಜಾತ್ರಿ ಯಾವಾಗ?" ಇನ್ನೂ ಎಷ್ಟು ಹುಣ್ಣಿಮೆ ಅಂತ ಅಜ್ಜಿ ಬೆರಳು ಮಡಿಸಿ ತೋರಿಸಿದರು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಳು, ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ. ಆಮೇಲೆ ಡಬ್ಬಿಯಲ್ಲಿದ್ದ ಡಾಕ್ಟರ್ ಸೆಟ್ ತೆಗೆದು ಮನೆಯವರಿಗೆಲ್ಲ ಸೂಜಿ ಚುಚ್ಚಿದಳು. ಮಾವನಿಗೆ ಮೂರು ಸಲ, ದುರಾಸೆ ಅಂದಿದ್ದಕ್ಕೋ ಏನೋ.

ಅತ್ತೆ ಮಾತ್ರ ನನ್ನ ಹಂಚಿಕೆಗೆ ಪೂರಾ ಸಿಕ್ಕಿಲ್ಲ. ಸೆರಗಿನ ಗಂಟಿನಿಂದ ಹತ್ತು ರೂಪಾಯಿ ನೋಟು ತೆಗೆದು ವಾರಕ್ಕೊಮ್ಮೆ ಇಬ್ಬರ ಕೈಗೂ ಜಾರಿಸುತ್ತಾರೆ, ನನಗೆ ಕಾಣದ ಹಾಗೆ. ಅದು ಉಡುಗೊರೆಯ ಲೆಕ್ಕಕ್ಕೆ ಬರುತ್ತಾ ಅಂತ ನಮ್ಮ ಮನೆಯವರನ್ನು ಕೇಳಿದೆ. "ನನಗೂ ಕೊಡ್ತಿದ್ರು, ನಾನೇನ್ ಕೆಟ್ಟೀನೇನ?" ಅಂದರು. ಆ ಪ್ರಶ್ನೆಗೆ ಉತ್ತರ ಕೊಟ್ಟು ಹಬ್ಬದ ಹೊತ್ತಲ್ಲಿ ಜಗಳ ಯಾಕೆ ಅಂತ ಸುಮ್ನಾದೆ. ಪಟಾಕಿ ಉಡುಗೊರೆಯೋ ಹಬ್ಬದ ಖರ್ಚೋ ಅನ್ನೋದೂ ಹಾಗೇ ಉಳಿದಿದೆ. ಅಪ್ಪ-ಮಗ ಇಬ್ಬರೂ ಹಬ್ಬದ ಖರ್ಚು ಅಂತಾರೆ, ಅವರ ಲಾಭ ಅದರಲ್ಲೇ ಇದೆ.

ಯಾರಿಗೆ ಯಾವ ಹಬ್ಬ ಅಂತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಮೊನ್ನೆ ದೊಡ್ಡಾವ ಅದರ ಮುಂದೆ ನಿಂತು ಬಹಳ ಹೊತ್ತು ಓದಿದ. ಆಮೇಲೆ ಅಡುಗೆಮನೆಗೆ ಬಂದು ಕೇಳಿದ, "ಮಮ್ಮಿ, ಯುಗಾದಿ ಯಾರೂ ತಗೊಂಡಿಲ್ಲಲ್ಲ, ಅದು ಯಾರದು?" ಬೇವು-ಬೆಲ್ಲ ಇದೆಯಲ್ಲೋ ಅಂದೆ. ಅದಕ್ಕೆ ಅವನು ಒಪ್ಪಿಲ್ಲ. ಹುಬ್ಬಳ್ಳಿ ಅತ್ತಿ ಹತ್ತಿರ ತಾನೇ ಫೋನ್ ಮಾಡಿ ಕೇಳ್ತೀನಿ ಅಂತ ಕೂತಿದ್ದಾನೆ.